ಯಾವ ಇಂಗ್ಲಿಷ್ ಬೈಬಲ್ ತಗೊಳ್ಳೋದು? ಕನ್ನಡ ಸತ್ಯವೇದ ಓದಿ ಬೆಳೆದವರಿಗೆ ಒಂದು ಹೋಲಿಕೆ

ಹೋದ ವರ್ಷ ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುವ ಹುಡುಗಿಯೊಬ್ಬಳು ಅವಳ ಅಜ್ಜನ ಬೈಬಲ್ ಹಿಡಿದುಕೊಂಡು ಬಂದಿದ್ದಳು. ಕೊಪ್ಪಳದ ಕಡೆಯವಳು, ಬಳ್ಳಾರಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ನರ್ಸಿಂಗ್ ಓದುತ್ತಿದ್ದಾಳೆ. ದಿನಾ ಒಂದು ಅಧ್ಯಾಯ ಇಂಗ್ಲಿಷ್‌ನಲ್ಲಿ ಓದಿದರೆ ಭಾಷೆಯೂ ಬರುತ್ತೆ, ಪ್ರಾರ್ಥನೆಯೂ ಆಗುತ್ತೆ ಅನ್ನೋದು ಅವಳ ಲೆಕ್ಕ. 23ನೇ ಕೀರ್ತನೆ ತೆಗೆದು ‘ದಿ ಲಾರ್ಡ್ ಈಸ್ ಮೈ ಶೆಫರ್ಡ್, ಐ ಶಲ್ ನಾಟ್ ವಾಂಟ್’ ಅಂತ ಜೋರಾಗಿ ಓದಿದಳು. ಅರ್ಥ ಹೇಳಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದೇವರು ನನ್ನ ಕುರುಬ, ನನಗೆ ಬೇಡ ಅಂತ ಬರ್ತದಲ್ಲ ಅಕ್ಕಾ’ ಅಂದಳು.

ನಗಬೇಡಿ. ಅವಳಿಗೆ ಗೊತ್ತಿರುವ ಇಂಗ್ಲಿಷ್‌ನಲ್ಲಿ ‘ವಾಂಟ್’ ಅಂದರೆ ಬೇಕು, ‘ನಾಟ್ ವಾಂಟ್’ ಅಂದರೆ ಬೇಡ. ನಾನೂರು ವರ್ಷದ ಹಿಂದೆ ಆ ಪದಕ್ಕೆ ಕೊರತೆ ಅನ್ನೋ ಅರ್ಥ ಇತ್ತು ಅಂತ ಅವಳಿಗೆ ಯಾರು ಹೇಳಿದ್ದಾರೆ? ತಮಾಷೆ ಏನಂದರೆ ಇದೇ ಕೀರ್ತನೆ ಅವಳಿಗೆ ಕನ್ನಡದಲ್ಲಿ ಬಾಯಿಪಾಠ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಕನ್ನಡದಲ್ಲಿ ಸಲೀಸಾಗಿ ಗೊತ್ತಿದ್ದದ್ದು ಇಂಗ್ಲಿಷ್‌ಗೆ ಹೋದ ಕೂಡಲೇ ಉಲ್ಟಾ ಆಗಿಬಿಟ್ಟಿತ್ತು.

ಅವಳ ಕಥೆ ನಾಲ್ಕು ಜನಕ್ಕೆ ಹೇಳಿದ್ದೇ ತಡ, ಯಾವುದು ತಗೊಳ್ಳಲಿ ಅಂತ ಕೇಳುವವರು ಜಾಸ್ತಿಯಾದರು. ತೋರಣಗಲ್ಲಿನ ಕಾಲೋನಿಯಲ್ಲಿರುವ ದಂಪತಿಗೆ ಇಂಗ್ಲಿಷ್ ಮೀಡಿಯಂ ಮಕ್ಕಳ ಚಿಂತೆ. ಸಿಂಧನೂರಿನ ಕ್ಯಾಥೊಲಿಕ್ ಮೇಷ್ಟ್ರೊಬ್ಬರಿಗೆ ಪುಸ್ತಕದಂಗಡಿಯಲ್ಲಿ ಹೆಸರು ನೋಡಿಯೇ ತಲೆ ಕೆಟ್ಟಿತ್ತು. ಇಂಗ್ಲಿಷ್ ಎಂ.ಎ. ಮಾಡುವ ಹುಡುಗನೊಬ್ಬ ಚರ್ಚ್ ಮೆಟ್ಟಿಲು ಹತ್ತಿದವನಲ್ಲ, ಅವನಿಗೂ ಒಂದು ಬೇಕು. ಎಲ್ಲರಿಗೂ ಒಂದೇ ಹೆಸರು ಹೇಳಿ ಕೈ ತೊಳೆದುಕೊಳ್ಳಲು ಆಗೋದಿಲ್ಲ. ಆದರೆ ಒಂದು ಮಾತು ಎಲ್ಲರಿಗೂ ಹೊಂದುತ್ತದೆ. ಕನ್ನಡ ಸತ್ಯವೇದ, ಅಂದರೆ ಕನ್ನಡ ಬೈಬಲ್, ನಿಮಗೆ ಗೊತ್ತಿದ್ದರೆ ಅದೇ ನಿಮ್ಮ ತಕ್ಕಡಿ. ಇಂಗ್ಲಿಷ್ ಸಾಲು ಓದಿದಾಗ ಆ ಕನ್ನಡದ ಅರ್ಥ ತಾನಾಗಿ ಕಣ್ಣ ಮುಂದೆ ಬರಬೇಕು. ಬಾರದಿದ್ದರೆ ಆ ಪುಸ್ತಕ ಎಷ್ಟೇ ದೊಡ್ಡದಿರಲಿ, ಸದ್ಯಕ್ಕೆ ನಿಮ್ಮದಲ್ಲ.

ಮೊದಲು ಅಳತೆ ಇಟ್ಟುಕೊಳ್ಳೋಣ

ಯಾತಕ್ಕೆ ಓದುತ್ತೀರಿ ಅನ್ನೋದು ಮೊದಲನೇದು. ಒಬ್ಬರೇ ಕೂತು ಓದೋಕೆ ಬೇರೆ, ಇಂಗ್ಲಿಷ್ ಆರಾಧನೆಯಲ್ಲಿ ಎಲ್ಲರ ಜೊತೆ ತೆಗೆದು ನೋಡೋಕೆ ಬೇರೆ, ಪಾಠ ಮಾಡೋಕೆ ಬೇರೆ, ಸಾಹಿತ್ಯಕ್ಕೆ ಬೇರೆ. ಎರಡನೇದು ನಿಮ್ಮ ಇಂಗ್ಲಿಷ್. ಇದನ್ನು ನಾಚಿಕೆ ಬಿಟ್ಟು ನೋಡಿಕೊಳ್ಳಿ. ಯಾವುದೋ ಗೊತ್ತಿಲ್ಲದ ಪುಟ ತೆಗೆದು ಐದು ವಾಕ್ಯ ಓದಿ, ಎರಡಕ್ಕಿಂತ ಜಾಸ್ತಿ ಪದಕ್ಕೆ ಡಿಕ್ಷನರಿ ಬೇಕಾದರೆ ಮುಚ್ಚಿಡಿ. ಮೂರನೇದು ಪುಸ್ತಕಗಳ ಲೆಕ್ಕ, ಪ್ರಾಟೆಸ್ಟಂಟರ ಬೈಬಲ್‌ನಲ್ಲಿ 66, ಕ್ಯಾಥೊಲಿಕರದ್ದರಲ್ಲಿ 73. ಇದರ ಬಗ್ಗೆ ನಾನೇ ಎಡವಿದ್ದೇನೆ, ಮುಂದೆ ಹೇಳುತ್ತೇನೆ. ಆಮೇಲೆ ಅಕ್ಷರದ ಗಾತ್ರ, ಕಾಗದ, ತೂಕ, ಬೆಲೆ. ಇವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳೋದಿಲ್ಲ, ಕೊನೆಗೆ ಪುಸ್ತಕ ಕಪಾಟು ಸೇರೋದು ಇವುಗಳಿಂದಲೇ.

ಇನ್ನೊಂದು ಉಳಿಯಿತು, ಅನುವಾದದ ರೀತಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಅನುವಾದ ಮಾಡುವವರ ಮುಂದೆ ಎರಡು ದಾರಿ. ಮೂಲದ ಹೀಬ್ರೂ, ಗ್ರೀಕ್ ಪದಗಳ ಬೆನ್ನು ಬಿಡದೆ ಹೋಗೋದು ಒಂದು. ಆ ಮಾತನ್ನು ಇವತ್ತಿನವರು ಹೇಗೆ ಆಡುತ್ತಿದ್ದರೋ ಹಾಗೆ ಹೇಳೋದು ಇನ್ನೊಂದು. ಮೊದಲನೇದು ನಂಬಿಗಸ್ತ, ಎರಡನೇದು ಕಲಬೆರಕೆ ಅಂತ ಕೆಲವರು ಒಂದೇ ಮಾತಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಅವರಿಗೆ ನಾನು ಒಂದನೇ ಸಮುವೇಲ 24ನೇ ಅಧ್ಯಾಯದ 3ನೇ ವಾಕ್ಯ ತೋರಿಸುತ್ತೇನೆ. ದಾವೀದನನ್ನು ಹುಡುಕಿಕೊಂಡು ಹೊರಟ ಸೌಲ ಒಂದು ಗವಿಯೊಳಗೆ ಹೋಗುತ್ತಾನೆ. ಯಾಕೆ? ‘ಟು ಕವರ್ ಹಿಸ್ ಫೀಟ್’ ಅನ್ನುತ್ತದೆ ಕಿಂಗ್ ಜೇಮ್ಸ್ ಅನ್ನೋ ಹಳೇ ಇಂಗ್ಲಿಷ್ ಬೈಬಲ್. ಪಾದ ಮುಚ್ಚಿಕೊಳ್ಳಲು. ನಮ್ಮ ಸಂಡೇ ಸ್ಕೂಲ್ ಮಕ್ಕಳನ್ನು ಕೇಳಿದೆ. ಚಳಿಗೆ ಕಂಬಳಿ ಹೊದ್ದುಕೊಂಡ ಅಂದಿತು ಒಂದು, ಸೊಳ್ಳೆ ಕಾಟಕ್ಕೆ ಇರಬೇಕು ಅಂದಿತು ಇನ್ನೊಂದು. ಅದು ಹೀಬ್ರೂ ಜನರ ಮರ್ಯಾದೆಯ ಮಾತು. ನಮ್ಮ ಕಡೆ ‘ತಂಬಿಗೆ ಹಿಡ್ಕೊಂಡು ಹೋದ’ ಅಂತೀವಲ್ಲ, ಅದೇ. ಅದನ್ನು ಯಾರಾದರೂ ಪದಕ್ಕೆ ಪದ ಇಂಗ್ಲಿಷ್‌ಗೆ ಹಾಕಿದರೆ ಓದಿದವರು ನೀರು ತರೋಕೆ ಹೋದ ಅಂದುಕೊಳ್ಳುತ್ತಾರೆ. ಹಾಗಾಗಿ ಪದಕ್ಕೆ ಪದ ಅಂತ ಹೆಸರು ಮಾಡಿದ ಇಎಸ್‌ವಿ (ಇಂಗ್ಲಿಷ್ ಸ್ಟ್ಯಾಂಡರ್ಡ್ ವರ್ಷನ್) ಕೂಡ ಇಲ್ಲಿ ‘ರಿಲೀವ್ ಹಿಮ್‌ಸೆಲ್ಫ್’ ಅಂತಲೇ ಹಾಕಿದೆ. ಪೂರ್ತಿ ಪದಕ್ಕೆ ಪದ ಅನ್ನೋ ಬೈಬಲ್ ಎಲ್ಲೂ ಇಲ್ಲ. ಇರೋದು ಕಡಿಮೆ, ಜಾಸ್ತಿ ಅಷ್ಟೇ.

1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ನಮ್ಮ ಬಳ್ಳಾರಿಗೇ ಬಂದು, ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರಲು ಕೂತಿದ್ದರು. ಇಂಥದೇ ತಲೆನೋವು ಅವರನ್ನೂ ಬಿಟ್ಟಿರಲಿಕ್ಕಿಲ್ಲ. ನಾವು ಈಗ ಅದೇ ದಾರಿಯಲ್ಲಿ ಆಚೆಯಿಂದ ಈಚೆ ಬರುವ ಬದಲು ಈಚೆಯಿಂದ ಆಚೆ ಹೋಗುತ್ತಿದ್ದೇವೆ.

ಕಿಂಗ್ ಜೇಮ್ಸ್, ಅಂದರೆ ಕೆಜೆವಿ

ಅಜ್ಜನ ಕಾಲದ ಬೈಬಲ್ ಅಂದರೆ ಹೆಚ್ಚಾಗಿ ಇದೇ. 1604ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ ಒಪ್ಪಿಗೆ ಕೊಟ್ಟ ಕೆಲಸ, 47 ವಿದ್ವಾಂಸರು ಕೂತು ಮಾಡಿದ್ದು, 1611ರಲ್ಲಿ ಅಚ್ಚಾಯಿತು. ಅದರಲ್ಲೂ ಬಹಳಷ್ಟು ಮಾತು ಅವರಿಗಿಂತ ಮುಂಚೆ ಅನುವಾದ ಮಾಡಿದ ವಿಲಿಯಂ ಟಿಂಡೇಲ್‌ನದು. ಆ ಪುಣ್ಯಾತ್ಮನನ್ನು 1536ರಲ್ಲಿ ಕೊಂದೇ ಹಾಕಿದ್ದರು.

ಇದರ ಇಂಗ್ಲಿಷ್‌ಗೆ ಒಂದು ಗತ್ತು ಇದೆ, ಅದನ್ನು ಯಾರೂ ಅಲ್ಲಗಳೆಯೋಕೆ ಆಗೋದಿಲ್ಲ. ಜೋರಾಗಿ ಓದಿದರೆ ಮಾತು ತಾನೇ ತಾಳಕ್ಕೆ ಬೀಳುತ್ತದೆ, ಬಾಯಿಪಾಠಕ್ಕೆ ಇದರಷ್ಟು ಸುಲಭ ಇನ್ನೊಂದಿಲ್ಲ. ಆದರೆ ಮೋಸ ಇರೋದು ಗೊತ್ತಿಲ್ಲದ ಪದಗಳಲ್ಲಿ ಅಲ್ಲ. ಅವು ಎದುರಾದರೆ ನಾವೇ ನಿಂತು ಡಿಕ್ಷನರಿ ನೋಡುತ್ತೇವೆ. ಮೋಸ ಇರೋದು ಗೊತ್ತಿದೆ ಅಂದುಕೊಂಡ ಪದಗಳಲ್ಲಿ. ಯೇಸು ‘ಸಫರ್ ದಿ ಲಿಟಲ್ ಚಿಲ್ಡ್ರನ್ ಟು ಕಮ್ ಅನ್‌ಟು ಮಿ’ ಅನ್ನುತ್ತಾನೆ. ಇಲ್ಲಿ ‘ಸಫರ್’ ಅಂದರೆ ಒದ್ದಾಡು ಅಂತಲ್ಲ, ಬಿಡಿ, ಬರಲಿ ಅಂತ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ ‘ಪ್ರಿವೆಂಟ್’ ಬರುತ್ತದೆ. ತಡೆಯೋದು ಅಂತಲ್ಲ, ಮುಂಚೆ ಹೋಗೋದು ಅಂತ. ‘ಕಾನ್ವರ್ಸೇಷನ್’ ಅಂದರೆ ಮಾತುಕತೆ ಅಲ್ಲ, ನಡತೆ. ‘ಚಾರಿಟಿ’ ಅಂದರೆ ದಾನಧರ್ಮ ಅಲ್ಲ, ಪ್ರೀತಿ. ನಮ್ಮ ಹುಡುಗಿಯ ‘ವಾಂಟ್’ ಕೂಡ ಇದೇ ಸಾಲಿಗೆ ಸೇರಿದ್ದು.

ಇಷ್ಟಾದರೂ ಕನ್ನಡದವರಿಗೆ ಇದರಲ್ಲಿ ಒಂದು ಲಾಭ ಇದೆ. ‘ದೌ’, ‘ದೀ’ ಅಂತ ಬರುತ್ತಲ್ಲ, ಅದು ನಮ್ಮ ‘ನೀನು’. ‘ಯೀ’, ‘ಯೂ’ ಅಂತ ಬಂದರೆ ಅದು ‘ನೀವು’, ಆದರೆ ಮರ್ಯಾದೆಯ ನೀವು ಅಲ್ಲ, ಬಹಳ ಜನ ಅನ್ನೋ ನೀವು. ಲೂಕ 22ರಲ್ಲಿ ಯೇಸು ಸೀಮೋನನಿಗೆ, ಸೈತಾನನು ‘ಯೂ’ಗಳನ್ನು ಗೋಧಿಯ ಹಾಗೆ ಕೇರಬೇಕೆಂದಿದ್ದಾನೆ, ನಾನಾದರೋ ‘ದೀ’ಗಾಗಿ ಪ್ರಾರ್ಥಿಸಿದೆ ಅನ್ನುತ್ತಾನೆ. ಅಪಾಯ ನಿಮ್ಮೆಲ್ಲರಿಗೂ, ಪ್ರಾರ್ಥನೆ ನಿನಗಾಗಿ. ಇವತ್ತಿನ ಇಂಗ್ಲಿಷ್‌ನಲ್ಲಿ ಎರಡಕ್ಕೂ ‘ಯೂ’ ಒಂದೇ ಆದ್ದರಿಂದ ಈ ಸೂಕ್ಷ್ಮ ಕಾಣೋದಿಲ್ಲ. ಎನ್‌ಐವಿ (ನ್ಯೂ ಇಂಟರ್‌ನ್ಯಾಷನಲ್ ವರ್ಷನ್) ಅನ್ನೋ ಈಚಿನ ಅನುವಾದದವರು ‘ಆಲ್ ಆಫ್ ಯೂ’ ಅಂತ ಸೇರಿಸಿ ಅದನ್ನು ಉಳಿಸಿಕೊಂಡಿದ್ದಾರೆ.

ಎಂ.ಎ. ಹುಡುಗನಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳಿದೆ. ಇಂಗ್ಲಿಷ್ ಸಾಹಿತ್ಯದಲ್ಲಿ ಹಾಸುಹೊಕ್ಕಾಗಿ ಬರೋದು ಈ ಬೈಬಲ್‌ನ ಮಾತೇ, ಬೇರೆ ಓದಿದರೆ ಆ ಪ್ರತಿಧ್ವನಿ ಕೇಳಿಸೋದಿಲ್ಲ. ಎಲ್ಲ ಕಡೆ ಕಡಿಮೆ ಬೆಲೆಗೆ ಸಿಗುತ್ತದೆ, ಫೋನಿನಲ್ಲಂತೂ ಪುಕ್ಕಟೆ. ಆದರೆ ನಂಬಿಕೆಗಾಗಿ ಓದುವವರು, ಅದೂ ಇಂಗ್ಲಿಷ್ ಈಗಷ್ಟೇ ರೂಢಿ ಮಾಡಿಕೊಳ್ಳುತ್ತಿರುವವರು, ಇದನ್ನೇ ಮೊದಲ ಬೈಬಲ್ ಮಾಡಿಕೊಳ್ಳಬೇಡಿ. ವಚನದ ಮೂಲ ಓದೋದು, ಮೇಷ್ಟ್ರು ಅರ್ಥ ಹೇಳೋದು, ಎರಡೂ ಬೇಕಲ್ವಾ. ಇದು ಮೂಲದ ಜಾಗದಲ್ಲಿ ಕೂರುವಂಥದ್ದು.

ಹಳೇದರ ರುಚಿಯೂ ಬೇಕು, ‘ದೌ’, ‘ದೀ’ ಕಾಟವೂ ಬೇಡ ಅನ್ನುವವರಿಗೆ ನ್ಯೂ ಕಿಂಗ್ ಜೇಮ್ಸ್ ಇದೆ, ಪೂರ್ತಿ ಬಂದದ್ದು 1982ರಲ್ಲಿ. ಸಾಲಿನ ಕಟ್ಟು ಅದೇ, ಪದ ಹೊಸದು. ಆದರೆ 23ನೇ ಕೀರ್ತನೆಯಲ್ಲಿ ‘ಐ ಶಲ್ ನಾಟ್ ವಾಂಟ್’ ಹಾಗೇ ಉಳಿದಿದೆ ನೋಡಿ! ನಿಮ್ಮ ಸಭಾಪಾಲಕರು ಕಿಂಗ್ ಜೇಮ್ಸ್ ಹಿಡಿದು ಪ್ರಸಂಗ ಮಾಡುವವರಾದರೆ ಜೊತೆಗೆ ತೆಗೆದು ನೋಡೋಕೆ ಇದು ಚೆನ್ನಾಗಿ ಹೊಂದುತ್ತದೆ.

ಎನ್‌ಐವಿ ಮತ್ತು ಇಎಸ್‌ವಿ, ನಿಜವಾದ ಪೈಪೋಟಿ ಇಲ್ಲೇ

ಅಂಗಡಿಯಲ್ಲಿ ಜನ ಜಾಸ್ತಿ ಹೊತ್ತು ನಿಂತು ಯೋಚಿಸೋದು ಈ ಎರಡರ ಮುಂದೆ. ನ್ಯೂ ಇಂಟರ್‌ನ್ಯಾಷನಲ್ ವರ್ಷನ್ ಪೂರ್ತಿಯಾಗಿ ಬಂದದ್ದು 1978ರಲ್ಲಿ, ಈಗ ಮಾರಾಟದಲ್ಲಿರೋದು 2011ರ ಪರಿಷ್ಕರಣೆ. ನೂರಕ್ಕೂ ಹೆಚ್ಚು ವಿದ್ವಾಂಸರು ಬೇರೆ ಬೇರೆ ಸಭೆಗಳಿಂದ ಬಂದು ಸೇರಿ ಮಾಡಿದ್ದು. ಪದವನ್ನೂ ಪೂರ್ತಿ ಬಿಡೋದಿಲ್ಲ, ಓದುಗನನ್ನೂ ಕೈಬಿಡೋದಿಲ್ಲ, ನಡುದಾರಿ. ಇಂಗ್ಲಿಷ್ ಸ್ಟ್ಯಾಂಡರ್ಡ್ ವರ್ಷನ್ 2001ರದು. ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್‌ನ 1971ರ ಪಾಠ ಇದರ ಬುನಾದಿ. ಪದಕ್ಕೆ ಹತ್ತಿರ ಇರಬೇಕು ಅನ್ನೋದು ಇವರ ಹಟ.

ಎರಡರ ವ್ಯತ್ಯಾಸ ಕಾಣಬೇಕಾದರೆ ರೋಮಾಪುರದವರಿಗೆ ಬರೆದ ಪತ್ರದ 3ನೇ ಅಧ್ಯಾಯ 25ನೇ ವಾಕ್ಯ ತೆಗೆಯಿರಿ. ಇಎಸ್‌ವಿಯಲ್ಲಿ ‘ಪ್ರೊಪಿಷಿಯೇಷನ್’, ಅಂದರೆ ದೇವರ ಕೋಪ ಶಾಂತಿ ಮಾಡುವ ಬಲಿ. ಕಿಂಗ್ ಜೇಮ್ಸ್‌ನಲ್ಲೂ ಅದೇ. ಎನ್‌ಐವಿಯಲ್ಲಿ ‘ಸ್ಯಾಕ್ರಿಫೈಸ್ ಆಫ್ ಅಟೋನ್ಮೆಂಟ್’, ಪ್ರಾಯಶ್ಚಿತ್ತದ ಬಲಿ. ಮೊದಲನೇದು ಒಂದೇ ಪದ, ಗಟ್ಟಿ ಪದ, ಪಾಠ ಮಾಡುವವರಿಗೆ ಅದರ ಮೇಲೆ ಒಂದು ಗಂಟೆ ಮಾತಾಡೋಕೆ ಸಿಗುತ್ತದೆ. ಆದರೆ ಆ ಪದ ಬಸ್ ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯಲ್ಲಿ, ಪೇಪರಿನಲ್ಲಿ ಎಲ್ಲಾದರೂ ಕೇಳಿದ್ದೀರಾ? ನಾನಂತೂ ಬೈಬಲ್ ಬಿಟ್ಟು ಬೇರೆಲ್ಲೂ ಓದಿಲ್ಲ. ಎರಡನೇದು ಉದ್ದ, ಆದರೆ ಬಲಿ ಅನ್ನೋದಾದರೂ ತಲೆಗೆ ಹೋಗುತ್ತದೆ.

23ನೇ ಕೀರ್ತನೆಗೆ ವಾಪಸ್ ಬರೋಣ. ಮೊದಲ ಸಾಲಿಗೆ ಎನ್‌ಐವಿ ‘ಐ ಲ್ಯಾಕ್ ನಥಿಂಗ್’ ಅನ್ನುತ್ತದೆ. ನಮ್ಮ ‘ಕೊರತೆಪಡೆನು’ ಸರಿಯಾಗಿ ಬಂದು ಕೂತಿತಲ್ಲ! ಇಎಸ್‌ವಿ ಮಾತ್ರ ಹಳೇ ‘ಐ ಶಲ್ ನಾಟ್ ವಾಂಟ್’ ಬಿಟ್ಟಿಲ್ಲ. ನಾಲ್ಕನೇ ವಾಕ್ಯದಲ್ಲಿ ಇಎಸ್‌ವಿಗೂ ಕಿಂಗ್ ಜೇಮ್ಸ್‌ಗೂ ‘ವ್ಯಾಲಿ ಆಫ್ ದಿ ಶ್ಯಾಡೋ ಆಫ್ ಡೆತ್’, ಅಂದರೆ ಸಾವಿನ ನೆರಳಿನ ಕಣಿವೆ. 2011ರ ಎನ್‌ಐವಿ ‘ಡಾರ್ಕೆಸ್ಟ್ ವ್ಯಾಲಿ’ ಅಂತ ಬದಲಿಸಿತು. ಆಗ ಬಹಳ ಜನ ಮುಖ ಸಿಂಡರಿಸಿದರು, ಮಣ್ಣು ಮಾಡುವ ಹೊತ್ತಲ್ಲಿ ಓದುವ ಸಾಲು ಅದು, ಸಾವೇ ಇಲ್ಲ ಅಂದರೆ ಹೇಗೆ ಅಂತ. ಆದರೆ ನಮ್ಮ ಸತ್ಯವೇದ ಅಲ್ಲಿ ಏನು ಹೇಳುತ್ತದೆ? ‘ಕಾರ್ಗತ್ತಲಿನ ಕಣಿವೆ.’ ನಮಗೆ ಅದು ಹೊಸದೇ ಅಲ್ಲ.

ಇನ್ನೊಂದು ವ್ಯತ್ಯಾಸ ಹೆಣ್ಣುಮಕ್ಕಳು ಗಮನಿಸುವಂಥದ್ದು. ಪತ್ರಗಳಲ್ಲಿ ‘ಸಹೋದರರೇ’ ಅಂತ ಬರುವ ಕಡೆ 2011ರ ಎನ್‌ಐವಿ ‘ಬ್ರದರ್ಸ್ ಆ್ಯಂಡ್ ಸಿಸ್ಟರ್ಸ್’ ಅನ್ನುತ್ತದೆ. ಇಎಸ್‌ವಿ ‘ಬ್ರದರ್ಸ್’ ಅಂತ ಬಿಟ್ಟು, ಇದರಲ್ಲಿ ಸಹೋದರಿಯರೂ ಸೇರಬಹುದು ಅಂತ ಅಡಿಟಿಪ್ಪಣಿ ಕೊಡುತ್ತದೆ. ನಮ್ಮ ಸ್ತ್ರೀಯರ ಕೂಟದಲ್ಲಿ ಎನ್‌ಐವಿ ಓದಿದ ದಿನ ಮುಂದಿನ ಸಾಲಲ್ಲಿ ಕೂತಿದ್ದ ದೊಡ್ಡಮ್ಮ ಒಬ್ಬರು, ‘ಈಗ ನಮ್ಮನ್ನೂ ಕರೆದ್ರು ನೋಡು’ ಅಂದರು. ನನಗೂ ಹಾಗೇ ಅನಿಸಿತ್ತು.

ನನ್ನ ಒಲವು ಎಲ್ಲಿದೆ ಅಂತ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಒಂದೇ ಬೈಬಲ್ ಕೊಳ್ಳುವ ಶಕ್ತಿ ಇದ್ದು, ಪದವಿ ಮಟ್ಟದ ಇಂಗ್ಲಿಷ್ ಇದ್ದು, ಮನೆಯಲ್ಲೂ ಚರ್ಚಿನಲ್ಲೂ ಅದೇ ಸಾಕು ಅನ್ನುವವರಿಗೆ ಎನ್‌ಐವಿ. ಬೈಬಲ್ ಸ್ಟಡಿ ನಡೆಸುವವರಿಗೆ, ಒಂದು ಪದ ಎಲ್ಲೆಲ್ಲಿ ಬಂದಿದೆ ಅಂತ ಬೆನ್ನು ಹತ್ತುವವರಿಗೆ ಇಎಸ್‌ವಿ. ಇನ್ನೂ ಬಿಗಿ ಬೇಕೆಂದರೆ ನ್ಯೂ ಅಮೆರಿಕನ್ ಸ್ಟ್ಯಾಂಡರ್ಡ್ ಇದೆ, ಆದರೆ ಅದನ್ನು ಸುಮ್ನೆ ಕೂತು ಓದೋಕೆ ಸುಖ ಇಲ್ಲ.

ವಾಕ್ಯ ಕಿತ್ತು ಹಾಕಿದ್ದಾರಂತೆ!

ಎನ್‌ಐವಿ ಹೆಸರು ಹೇಳಿದ ಕೂಡಲೇ ಯಾರಾದರೂ ಒಬ್ಬರು ಫೋನ್ ತೆಗೆದು ವಾಟ್ಸಾಪ್‌ನಲ್ಲಿ ಬಂದದ್ದು ತೋರಿಸುತ್ತಾರೆ. ಮತ್ತಾಯ 17ರಲ್ಲಿ 20 ಆದಮೇಲೆ ನೇರ 22, ಅಪೊಸ್ತಲರ ಕೃತ್ಯಗಳು 8ರಲ್ಲಿ 37 ಇಲ್ಲ, ದೇವರ ವಾಕ್ಯಕ್ಕೆ ಕತ್ತರಿ ಹಾಕಿದ್ದಾರೆ ಅಂತ. ಸಂಖ್ಯೆ ಬಿಟ್ಟು ಹೋಗಿರೋದು ನಿಜ. ಕಾರಣ ಬೇರೆ.

ಕಿಂಗ್ ಜೇಮ್ಸ್‌ನವರ ಹೊಸ ಒಡಂಬಡಿಕೆಗೆ ಆಧಾರ 1516ರಲ್ಲಿ ಎರಾಸ್ಮಸ್ ಅನ್ನೋ ಡಚ್ ವಿದ್ವಾಂಸ ಮೊದಲು ಅಚ್ಚು ಹಾಕಿಸಿದ ಗ್ರೀಕ್ ಪಾಠದ ಪರಂಪರೆ. ಅವನ ಕೈಗೆ ಸಿಕ್ಕಿದ್ದು ಬೆರಳೆಣಿಕೆಯ, ಈಚಿನ ಕಾಲದ ಕೈಬರಹದ ಪ್ರತಿಗಳು. ಆಮೇಲೆ ನಾಲ್ಕನೇ ಶತಮಾನದ ಸಿನಾಯ್ಟಿಕಸ್‌ನಂಥ ಬಹಳ ಹಳೇ ಪ್ರತಿಗಳು ವಿದ್ವಾಂಸರ ಕೈಗೆ ಬಂದವು. ಅವುಗಳಲ್ಲಿ ಆ ಕೆಲವು ಸಾಲು ಇಲ್ಲ. ನಕಲು ಮಾಡುವವರು ಮುಂದೆ ಸೇರಿಸಿರಬೇಕು ಅನ್ನೋದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅದಕ್ಕೇ ಎನ್‌ಐವಿ, ಇಎಸ್‌ವಿ ಎರಡೂ ಅವನ್ನು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇಟ್ಟಿವೆ. ಬಚ್ಚಿಟ್ಟಿಲ್ಲ, ಕೆಳಗಿಟ್ಟಿವೆ. ಇದು ನಿಮಗೆ ಸಮಾಧಾನ ಆಗದಿದ್ದರೆ ನ್ಯೂ ಕಿಂಗ್ ಜೇಮ್ಸ್ ತಗೊಳ್ಳಿ, ಅದು ಹಳೇ ಪಾಠವನ್ನೇ ಮೇಲಿಟ್ಟು ವ್ಯತ್ಯಾಸವನ್ನು ಕೆಳಗೆ ಹೇಳುತ್ತದೆ. ಜಗಳ ಮುಗಿಯಿತು.

ಯೆಹೋವ ಎಲ್ಲಿ ಹೋದ?

ಇದು ಕನ್ನಡ ಸತ್ಯವೇದ ಓದಿದವರು ಕೇಳುವ ಪ್ರಶ್ನೆ. ಹಳೇ ಒಡಂಬಡಿಕೆಯಲ್ಲಿ ನಮಗೆ ಪುಟಪುಟಕ್ಕೂ ಯೆಹೋವ. ಇಂಗ್ಲಿಷ್ ತೆಗೆದರೆ ‘ಲಾರ್ಡ್’. ಸರಿಯಾಗಿ ನೋಡಿ, ಆ ‘ಲಾರ್ಡ್’ ಪೂರ್ತಿ ದೊಡ್ಡಕ್ಷರದಲ್ಲಿದ್ದರೆ ಮೂಲದಲ್ಲಿ ಆ ಹೆಸರೇ ಇದೆ ಅಂತ, ಮೊದಲ ಅಕ್ಷರ ಮಾತ್ರ ದೊಡ್ಡದಿದ್ದರೆ ಬರೀ ಒಡೆಯ, ಸ್ವಾಮಿ ಅಂತ. ಕಿಂಗ್ ಜೇಮ್ಸ್ ‘ಜೆಹೋವಾ’ ಅಂತ ಬರೆಯೋದು ವಿಮೋಚನಕಾಂಡ 6:3ರಂಥ ಕೆಲವೇ ಕಡೆ. ನ್ಯೂ ಜೆರೂಸಲೇಮ್ ಬೈಬಲ್‌ನಲ್ಲಿ ‘ಯಾಹ್ವೆ’ ಅಂತ ಇದೆ. ಯೆಹೋವನ ಸಾಕ್ಷಿಗಳು ಅನ್ನೋ ಪಂಥದವರು ಮನೆ ಬಾಗಿಲಿಗೆ ತಂದು ಕೊಡುವ ನ್ಯೂ ವರ್ಲ್ಡ್ ಟ್ರಾನ್ಸ್‌ಲೇಷನ್‌ನಲ್ಲಿ ‘ಜೆಹೋವಾ’ ತುಂಬಾ ಕಡೆ ಬರೋದರಿಂದ ನಮ್ಮವರಿಗೆ ಕೂಡಲೇ ಆಪ್ತ ಅನಿಸಿಬಿಡುತ್ತದೆ. ಆದರೆ ಅದು ಅವರ ಬೋಧನೆಗೆ ತಕ್ಕ ಅನುವಾದ. ಯೋಹಾನ 1:1ರ ಕೊನೆಯಲ್ಲಿ ಬೇರೆ ಬೈಬಲ್‌ಗಳು ವಾಕ್ಯವು ದೇವರಾಗಿತ್ತು ಅನ್ನುವ ಕಡೆ ಅದು ‘ಎ ಗಾಡ್’ ಅನ್ನುತ್ತದೆ, ಉಳಿದ ಸಭೆಗಳು ಅದನ್ನು ಒಪ್ಪೋದಿಲ್ಲ. ಕೈಗೆ ಬಂದದ್ದು ಯಾರದು ಅಂತ ಗೊತ್ತಿರಲಿ.

ಹಾಗೇ ಪುಸ್ತಕಗಳ ಹೆಸರು. ‘ನಂಬರ್ಸ್’ ತೆಗೆಯಿರಿ ಅಂದಾಗ ನಾವು ಹುಡುಕಬೇಕಾದ್ದು ಅರಣ್ಯಕಾಂಡ, ‘ಎಕ್ಸೋಡಸ್’ ಅಂದರೆ ವಿಮೋಚನಕಾಂಡ, ‘ಲ್ಯಾಮೆಂಟೇಷನ್ಸ್’ ಅಂದರೆ ಪ್ರಲಾಪಗಳು. ಮೊದಲ ಪುಟದ ಪಟ್ಟಿಯಲ್ಲಿ ಪಕ್ಕಕ್ಕೆ ಪೆನ್ಸಿಲ್‌ನಿಂದ ಕನ್ನಡ ಹೆಸರು ಬರೆದುಕೊಳ್ಳಿ, ಅರ್ಧ ಗಂಟೆ ಕೆಲಸ.

ಸುಲಭ ಇಂಗ್ಲಿಷ್‌ನವು

ಗುಡ್ ನ್ಯೂಸ್ ಬೈಬಲ್ ಪೂರ್ತಿ ಬಂದದ್ದು 1976ರಲ್ಲಿ. ಇಂಗ್ಲಿಷ್ ಮನೆಮಾತಲ್ಲದವರೂ ಓದುವಂತಿರಬೇಕು ಅಂತಲೇ ಮಾಡಿದ್ದು, ಅಂದರೆ ನಮ್ಮಂಥವರಿಗೆ. ಅಲ್ಲಲ್ಲಿ ಆ್ಯನಿ ವ್ಯಾಲಟನ್ ಬರೆದ ಪುಟ್ಟ ರೇಖಾಚಿತ್ರಗಳು, ನಾಲ್ಕೇ ಗೆರೆಯಲ್ಲಿ ಮನುಷ್ಯ ಎದ್ದು ಬರುತ್ತಾನೆ, ಮಕ್ಕಳಿಗೆ ಬಹಳ ಇಷ್ಟ. 23ನೇ ಕೀರ್ತನೆ ಇಲ್ಲಿ ‘ಐ ಹ್ಯಾವ್ ಎವ್ರಿಥಿಂಗ್ ಐ ನೀಡ್’. ಎಂಟನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತದೆ. ಆ ‘ಪ್ರೊಪಿಷಿಯೇಷನ್’ ಇಲ್ಲಿ ಒಂದು ಪೂರ್ತಿ ಸಾಲಾಗಿ ಬಿಡಿಸಿಕೊಳ್ಳುತ್ತದೆ, ಆತನ ರಕ್ತದಿಂದ ಜನರ ಪಾಪಕ್ಕೆ ಕ್ಷಮೆ ಸಿಗುವ ದಾರಿ ಆಯಿತು ಅನ್ನೋ ಅರ್ಥದಲ್ಲಿ. ಕಳೆದುಕೊಳ್ಳೋದು ಏನು ಅಂದರೆ ಕಾವ್ಯದ ಬಿಗಿ. ಕೀರ್ತನೆಗಳು, ಯೆಶಾಯ ಓದುವಾಗ ಸಾರಿಗೆ ನೀರು ಜಾಸ್ತಿಯಾದ ಹಾಗೆ ಅನಿಸುತ್ತದೆ. ಮಾರ್ಕ, ಲೂಕ, ಅಪೊಸ್ತಲರ ಕೃತ್ಯಗಳಂಥ ಕಥೆ ಇರುವ ಕಡೆ ಮಾತ್ರ ಓಡಿಸಿಕೊಂಡು ಹೋಗುತ್ತದೆ.

ನ್ಯೂ ಲಿವಿಂಗ್ ಟ್ರಾನ್ಸ್‌ಲೇಷನ್ 1996ರದು, ಆಮೇಲೆ ತಿದ್ದಿದ್ದಾರೆ. ಇದೂ ಸುಲಭವೇ, ಆದರೆ ಗುಡ್ ನ್ಯೂಸ್‌ಗಿಂತ ಸ್ವಲ್ಪ ತುಂಬಿದ ಇಂಗ್ಲಿಷ್, ಇವತ್ತಿನ ಹುಡುಗರಿಗೆ ಹತ್ತಿರ. ಜೋರಾಗಿ ಓದೋಕೆ ಚೆನ್ನಾಗಿದೆ. ತೋರಣಗಲ್ಲಿನವರ ಹೈಸ್ಕೂಲ್ ಮಗಳಿಗೆ ಇದನ್ನು ಹೇಳಿದೆ, ಆರನೇ ಕ್ಲಾಸಿನ ಮಗನಿಗೆ ಗುಡ್ ನ್ಯೂಸ್.

ದಿ ಮೆಸೇಜ್ ಅಂತ ಇನ್ನೊಂದಿದೆ, ಯೂಜಿನ್ ಪೀಟರ್ಸನ್ ಒಬ್ಬರೇ ಕೂತು ಬರೆದದ್ದು, 2002ರಲ್ಲಿ ಮುಗಿಯಿತು. ಅಮೆರಿಕದವರ ಬೀದಿಮಾತಿನಲ್ಲಿದೆ. ಅವರಿಗೆ ಆಪ್ತ, ನಮಗೆ ಅದರ ನುಡಿಗಟ್ಟಿಗೇ ಇನ್ನೊಂದು ಡಿಕ್ಷನರಿ ಬೇಕು. ಪಕ್ಕದಲ್ಲಿಟ್ಟುಕೊಂಡು ಇಣುಕಿ ನೋಡೋಕೆ ಸರಿ.

ಕ್ಯಾಥೊಲಿಕರು ಇಲ್ಲಿ ನೋಡಿ

ಈಗ ನನ್ನ ತಪ್ಪು. ಗೆಳತಿಯ ಮಗಳ ಮೊದಲ ಪರಮಪ್ರಸಾದಕ್ಕೆ ಚೆಂದದ ಎನ್‌ಐವಿ ಒಯ್ದು ಕೊಟ್ಟೆ, ಬೆಳ್ಳಿ ಅಂಚಿನದು, ಹೆಸರೂ ಬರೆಸಿದ್ದೆ. ಎರಡು ವಾರಕ್ಕೆ ಆ ಮಗು ಫೋನ್ ಮಾಡಿ, ‘ಆಂಟಿ, ಧರ್ಮೋಪದೇಶ ಕ್ಲಾಸಲ್ಲಿ ತೋಬಿತನ ಪುಸ್ತಕ ತೆಗೀರಿ ಅಂದ್ರು, ನನ್ನದರಲ್ಲಿ ಇಲ್ಲ’ ಅಂದಳು. ಇರೋದಾದರೂ ಹೇಗೆ? ತೋಬಿತ, ಯೂದಿತ, ಸಿರಾಖ, ಬಾರೂಕ, ಸೊಲೊಮೋನನ ಜ್ಞಾನಗ್ರಂಥ, ಮಕ್ಕಬಿಯರ ಎರಡು ಪುಸ್ತಕ, ಒಟ್ಟು ಏಳು, ಎನ್‌ಐವಿಯಲ್ಲಿ ಇಲ್ಲವೇ ಇಲ್ಲ. ಹೆಸರು ಬರೆಸಿದ್ದರಿಂದ ವಾಪಸ್ ಕೊಡೋಕೂ ಬರಲಿಲ್ಲ.

ಹಾಗಾಗಿ ಮುದಗಲ್ಲಾಗಲಿ, ಸಿಂಧನೂರಾಗಲಿ, ಬಳ್ಳಾರಿಯ ಕೋಟೆ ಕಡೆಯಾಗಲಿ, ಕ್ಯಾಥೊಲಿಕ್ ಮನೆಗೆ ಕೊಳ್ಳುವಾಗ ಮುಖಪುಟದಲ್ಲಿ ‘ಕ್ಯಾಥೊಲಿಕ್ ಎಡಿಷನ್’ ಅಂತ ಇದೆಯಾ ನೋಡಿ. ಈಗ ಹೆಚ್ಚು ಉಪಯೋಗ ಇಎಸ್‌ವಿ ಕ್ಯಾಥೊಲಿಕ್ ಎಡಿಷನ್. 2018ರಲ್ಲಿ ಬೆಂಗಳೂರಿನ ಎಟಿಸಿ ಪ್ರಕಾಶನದವರೇ ಅಚ್ಚು ಹಾಕಿದ್ದು, 2020ರಿಂದ ನಮ್ಮ ದೇಶದ ಇಂಗ್ಲಿಷ್ ಬಲಿಪೂಜೆಯ ವಾಚನಗಳೂ ಇದರಿಂದಲೇ. ಪೂಜೆಯಲ್ಲಿ ಕೇಳಿದ ಸಾಲು ಮನೆಯಲ್ಲಿ ಅದೇ ಪದದಲ್ಲಿ ಸಿಗಬೇಕು ಅನ್ನುವವರಿಗೆ ಬೇರೆ ಯೋಚನೆಯೇ ಬೇಡ. ಸಿಂಧನೂರಿನ ಮೇಷ್ಟ್ರಿಗೆ ಇದನ್ನೇ ಹೇಳಿದ್ದು. ಓದು ಸುಲಭ ಇರಬೇಕು ಅಂದರೆ ಗುಡ್ ನ್ಯೂಸ್‌ನಲ್ಲೂ ಆ ಏಳು ಪುಸ್ತಕ ಸೇರಿದ ಮುದ್ರಣ ಇದೆ. ಥಿಯಾಲಜಿ ಓದುವವರು ಕ್ಯಾಥೊಲಿಕ್ ಆಗಲಿ, ಪ್ರಾಟೆಸ್ಟಂಟ್ ಆಗಲಿ, 1989ರ ಎನ್‌ಆರ್‌ಎಸ್‌ವಿ (ನ್ಯೂ ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್) ನೋಡಲಿ. ಕಾಲೇಜಿನ ಪಾಠಕ್ಕೆ ಅದು ಹೊಂದುತ್ತದೆ, 2021ರಲ್ಲಿ ಅದರ ಹೊಸ ಪರಿಷ್ಕರಣೆಯೂ ಬಂದಿದೆ.

ಕೈ, ಕಣ್ಣು, ಜೇಬು

ಆನ್‌ಲೈನ್‌ನಲ್ಲಿ ಫೋಟೋ ನೋಡಿ ತರಿಸಬೇಡಿ. ಬೈಬಲ್‌ಗೆ ಈರುಳ್ಳಿ ಸಿಪ್ಪೆಯಂಥ ತೆಳು ಕಾಗದ, ಕೆಲವು ಮುದ್ರಣದಲ್ಲಿ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಇಣುಕುತ್ತದೆ. ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಅಲ್ಲ, ಬಾಗಿಲ ಹತ್ತಿರ ಹೋಗಿ, ಕೈ ಚಾಚಿ ಹಿಡಿದು ಓದಿ ನೋಡಿ. ಯೇಸುವಿನ ಮಾತು ಕೆಂಪಕ್ಷರದಲ್ಲಿರುವ ಮುದ್ರಣ ನೋಡೋಕೆ ಚೆಂದ, ಕರೆಂಟ್ ಹೋದಾಗ ಮೊದಲು ಕಾಣದೆ ಹೋಗೋದು ಅದೇ. ಜಿಪ್ ಇರುವ ರೆಕ್ಸಿನ್ ಕವರ್ ತಗೊಂಡರೆ ಗಾಡಿಯ ಡಿಕ್ಕಿಯಲ್ಲಿ ಬಿಡಬೇಡಿ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಅಂಟು ಬಿಟ್ಟು ಕವರ್ ಒಂದು ಕಡೆ, ಬೈಬಲ್ ಒಂದು ಕಡೆ ಆಗುತ್ತದೆ, ನನ್ನದು ಆಗಿದೆ.

ದುಡ್ಡು ಬಿಗಿ ಇದ್ದರೆ ಬೈಬಲ್ ಸೊಸೈಟಿಯ ಸಾದಾ ರಟ್ಟಿನ ಮುದ್ರಣ ಕೇಳಿ, ಚರ್ಮದ ಹೊದಿಕೆಗೆ ಕೊಡುವ ದುಡ್ಡು ಓದಿಗೆ ಏನೂ ಸೇರಿಸೋದಿಲ್ಲ. ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್ ಇರುವ ಎರಡು ಭಾಷೆಯದ್ದೂ ಬರುತ್ತದೆ. ನನ್ನ ತಕ್ಕಡಿ ಮಾತಿಗೆ ಅದಕ್ಕಿಂತ ಒಳ್ಳೇದಿಲ್ಲ, ಆದರೆ ತೂಕ ಜಾಸ್ತಿ, ಮೇಜಿನ ಮೇಲಿಟ್ಟೇ ಓದಬೇಕು, ಅದರಲ್ಲಿರುವ ಇಂಗ್ಲಿಷ್ ಯಾವುದು ಅಂತ ಮೊದಲ ಪುಟದಲ್ಲಿ ನೋಡಿಕೊಳ್ಳಿ. ಸ್ಟಡಿ ಬೈಬಲ್ ಅಂದರೆ ಇನ್ನೂ ದಪ್ಪ, ಇನ್ನೂ ದುಬಾರಿ, ಕೆಳಗಿನ ಟಿಪ್ಪಣಿ ಬರೆದವರ ಪಂಥ ಯಾವುದು ಅಂತ ನಿಮ್ಮ ಸಭಾಪಾಲಕರನ್ನೋ ಫಾದರ್‌ನೋ ಕೇಳದೆ ಕೊಳ್ಳಬೇಡಿ.

ದುಡ್ಡೇ ಬೇಡ ಅಂದರೆ ಫೋನ್ ಇದೆ. ಯೂವರ್ಷನ್ ಆ್ಯಪ್‌ನಲ್ಲಿ ಕನ್ನಡವೂ ಇಂಗ್ಲಿಷ್‌ನ ಹಲವು ಅನುವಾದಗಳೂ ಪುಕ್ಕಟೆ ಸಿಗುತ್ತವೆ, ಕೆಲವನ್ನು ಓದಿ ಹೇಳುವ ದನಿಯೂ ಇದೆ. ಕೊಳ್ಳುವ ಮುಂಚೆ ಒಂದು ವಾರ ಅದರಲ್ಲೇ ಮೂರು ಜಾಗ ತೆಗೆದು ನೋಡಿ: 23ನೇ ಕೀರ್ತನೆ, ಒಂದನೇ ಸಮುವೇಲ 24, ರೋಮಾಪುರ 3. ಕಾವ್ಯ, ಕಥೆ, ವಾದ, ಮೂರೂ ಆಯಿತು. ಮೂರರಲ್ಲೂ ಕನ್ನಡ ತಾನಾಗಿ ನೆನಪಿಗೆ ಬಂದದ್ದು ಯಾವುದೋ ಅದನ್ನು ಕೊಳ್ಳಿ.

ನಮ್ಮ ನರ್ಸಿಂಗ್ ಹುಡುಗಿ ಹಾಗೇ ಮಾಡಿ ಗುಡ್ ನ್ಯೂಸ್ ತಗೊಂಡಳು. ಮಾರ್ಕನ ಹದಿನಾರು ಅಧ್ಯಾಯ ಮುಗಿಸಿ ಈಗ ಲೂಕನಲ್ಲಿದ್ದಾಳೆ, ಮುಂದಿನ ವರ್ಷಕ್ಕೆ ಎನ್‌ಐವಿ ಅಂತಿದ್ದಾಳೆ. ಅಜ್ಜನ ಬೈಬಲ್ ಊರಿಗೆ ವಾಪಸ್ ಹೋಯಿತು. ಕೊಡುವ ಮುಂಚೆ 23ನೇ ಕೀರ್ತನೆಯ ಪಕ್ಕ ಪೆನ್ಸಿಲ್‌ನಲ್ಲಿ ‘ವಾಂಟ್ = ಕೊರತೆ’ ಅಂತ ಸಣ್ಣಗೆ ಬರೆದಿದ್ದಾಳೆ.